ಹೊಗೆ ಮುಂದೆ, ದ್ರಾಕ್ಷಿ ಹಿಂದೆ: ಪೀಟ್ ಸ್ಕಾಚ್ ಸವಿಯುವ ಕ್ರಮ

ವಿಜಯಪುರದ ಏಪ್ರಿಲ್ ಸಂಜೆ, ಕೋಣೆಯೊಳಗೇ 36 ಡಿಗ್ರಿ. ಆ ಹೊತ್ತಿನಲ್ಲಿ ಶೆರಿ ಎಂಬ ಸ್ಪೇನಿನ ವೈನ್ ಇದ್ದ ಪೀಪಾಯಿಯಲ್ಲಿ ಕೊನೆಯ ಹಂತ ಮಾಗಿಸಿ ಮುಗಿಸಿದ, ಪೀಟ್ ಹೊಗೆಯ ಸಿಂಗಲ್ ಮಾಲ್ಟ್ (ಒಂದೇ ಭಟ್ಟಿಯ ಬಾರ್ಲಿ ವಿಸ್ಕಿ) ಸುರಿದು ಮೂಗಿಟ್ಟರೆ ಮೊದಲು ಸ್ಪಿರಿಟ್ಟಿನ ಉರಿ, ಆಮೇಲೆ ಡೆಟಾಲ್ ವಾಸನೆ, ಅಷ್ಟೇ. ಶೆರಿ ಕೊಟ್ಟ ಸಿಹಿ ಪತ್ತೆಯೇ ಇರುವುದಿಲ್ಲ. ಆದ್ದರಿಂದ ಮೊದಲ ಕೆಲಸ ಬಾಟಲಿಯನ್ನು ತಂಪು ಮಾಡುವುದು. ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ಒಂದರಿಂದ ಒಂದೂವರೆ ತಾಸು ಇಡಿ. ಕೈಗೆ ಹರವಿಯ ನೀರಿನಷ್ಟು ತಂಪು ಹತ್ತಿದರೆ ಸಾಕು, ಅಂದರೆ 20–22 ಡಿಗ್ರಿ. ಐಸ್ ಬೇಡ. ಅತಿ ತಂಪಿಗೆ ಹಣ್ಣಿನ ಘಮ ಅಡಗಿ, ಬೂದಿ ಮತ್ತು ಕಹಿ ಮೇಲೇಳುತ್ತವೆ. ಬೆಳಗಾವಿಯ ಡಿಸೆಂಬರ್‌ನಲ್ಲಿ ಇದ್ಯಾವುದೂ ಬೇಕಿಲ್ಲ, ಬಾಟಲಿ ಬಿಚ್ಚಿ ಸುರಿಯಬಹುದು.

ಹೊಗೆ ಬರುವುದು ಬಾರ್ಲಿಯಿಂದ. ಜೌಗುನೆಲದಲ್ಲಿ ಅರೆಕೊಳೆತು ಗಟ್ಟಿಯಾದ ಸಸ್ಯರಾಶಿಯೇ ಪೀಟ್. ಮೊಳಕೆ ಬಂದ ಬಾರ್ಲಿಯನ್ನು ಅದರ ಹೊಗೆಯಲ್ಲಿ ಒಣಗಿಸುವಾಗ ಫಿನಾಲ್‌ಗಳು, ಅಂದರೆ ಹೊಗೆಯ ಘಾಟು ಕೊಡುವ ರಾಸಾಯನಿಕಗಳು, ಕಾಳಿಗೆ ಅಂಟುತ್ತವೆ. ಅವು ಹತ್ತು ಲಕ್ಷಕ್ಕೆ ಎಷ್ಟು ಭಾಗ ಎಂದು ಪಿಪಿಎಂನಲ್ಲಿ ಹೇಳುವ ಅಂಕಿ ಸಾಮಾನ್ಯವಾಗಿ ಆ ಕಾಳಿನದು. ಭಟ್ಟಿ ಇಳಿಸುವಾಗ ಅದರಲ್ಲಿ ಬಹಳಷ್ಟು ಕಳೆದುಹೋಗುತ್ತದೆ. ಸಿಹಿ ಬರುವುದು ಪೀಪಾಯಿಯಿಂದ. ಬೋಮೋರ್ ಎಂಬ ಸ್ಕಾಚಿನ 15 ವರ್ಷದ್ದನ್ನೇ ನೋಡಿ: 12 ವರ್ಷ ಬರ್ಬನ್ (ಅಮೆರಿಕದ ವಿಸ್ಕಿ) ಪೀಪಾಯಿಯಲ್ಲಿ, ಕೊನೆಯ 3 ವರ್ಷ ಒಲೊರೊಸೊ ಶೆರಿಯ ಪೀಪಾಯಿಯಲ್ಲಿ. ಲಗಾವುಲಿನ್ ಡಿಸ್ಟಿಲರ್ಸ್ ಎಡಿಷನ್ ಎಂಬ ಇನ್ನೊಂದು ಸ್ಕಾಚ್ ಮುಗಿಯುವುದು ಪೆಡ್ರೊ ಹಿಮೆನೆಸ್ ದ್ರಾಕ್ಷಿಯ ಸಿಹಿ ಶೆರಿಯ ಪೀಪಾಯಿಯಲ್ಲಿ. ಒಲೊರೊಸೊ ಅಕ್ರೋಟಿನ ಕಡೆ ವಾಲುತ್ತದೆ, ಪೆಡ್ರೊ ಹಿಮೆನೆಸ್ ಕಾಕವಿಯ ಕಡೆ. ಬಣ್ಣ ನೋಡಿ ತೀರ್ಮಾನಿಸಬೇಡಿ, ಸ್ಕಾಚ್‌ಗೆ ಕ್ಯಾರಮೆಲ್ ಬಣ್ಣ ಸೇರಿಸಲು ಕಾನೂನಿನ ಅನುಮತಿಯಿದೆ.

ಮೂಗು ಪಳಗಿಸಲು ಬೇಕಾದ್ದೆಲ್ಲ ನಮ್ಮ ಸಂತೆಯಲ್ಲೇ ಸಿಗುತ್ತದೆ, ಆದರೆ ಆರಿಸುವಾಗ ಎಚ್ಚರ ಬೇಕು. ಪೆಡ್ರೊ ಹಿಮೆನೆಸ್ ದ್ರಾಕ್ಷಿಯನ್ನು ಸ್ಪೇನಿನಲ್ಲಿ ಬಿಸಿಲಿಗೆ ಹರವಿ ಒಣಗಿಸಿ ಆಮೇಲೆ ಹಿಂಡುತ್ತಾರೆ. ವಿಜಯಪುರದ ಹಸಿರು ಒಣದ್ರಾಕ್ಷಿಯಾದರೋ ಶೆಡ್ಡಿನ ನೆರಳಲ್ಲಿ ಒಣಗಿದ್ದು. ಅದರಲ್ಲಿ ಹುಳಿ ಮುಂದು, ಆ ಕಪ್ಪು ಸಿಹಿ ಇಲ್ಲ. ಕಪ್ಪು ಒಣದ್ರಾಕ್ಷಿ ತನ್ನಿ. ಎಂಟು ಹತ್ತು ಕಾಳನ್ನು ಬೆರಳಲ್ಲಿ ಹಿಸುಕಿ, ಒಂದು ಚಮಚ ಕಾಕವಿಯ ಪಕ್ಕ ಬಟ್ಟಲಲ್ಲಿಡಿ. ಇನ್ನೊಂದು ಬಟ್ಟಲಲ್ಲಿ ಅಂಜೂರ, ಕಿತ್ತಳೆ ಸಿಪ್ಪೆ, ಒಂದು ಲವಂಗ. ಗೋಕಾಕದ ಕರದಂಟು ಇದ್ದರೆ ಇನ್ನೂ ಒಳ್ಳೆಯದು, ಬೆಲ್ಲ, ಅಂಟು, ಒಣಹಣ್ಣು ಒಂದೇ ತುಂಡಿನಲ್ಲಿ ಸಿಗುತ್ತವೆ. ಹೊಗೆಗೆ ಸೀತನಿಯನ್ನು ನೆನಪಿಸಿಕೊಳ್ಳಿ: ಕುಳ್ಳಿನ ಕೆಂಡದಲ್ಲಿ ಸುಟ್ಟ ಎಳೆ ಜೋಳದ ತೆನೆಯನ್ನು ಉಜ್ಜಿದಾಗ ಅಂಗೈಗೆ ಹತ್ತುವ ಘಾಟು. ಪೀಟ್ ಹೊಗೆಗೆ ಅದು ಬಹಳ ಹತ್ತಿರ, ಮೇಲೆ ಒಂಚೂರು ಡಾಂಬರು, ಅಯೋಡಿನ್.

ಕುಡಿಯುವ ಒಂದು ತಾಸು ಮೊದಲು ರಂಜಕ, ಉಳ್ಳಾಗಡ್ಡಿ, ತಂಬಾಕು ಬೇಡ. ಊದಿನಕಡ್ಡಿ, ಸೊಳ್ಳೆ ಬತ್ತಿ ಉರಿಯುವ ಕೋಣೆಯಲ್ಲಂತೂ ಕೂರಲೇಬೇಡಿ. ನಡುನಡುವೆ ಬಾಯಿ ತೊಳೆಯಲು ನೀರು ಮತ್ತು ಕಡಕ್ ಜೋಳದ ರೊಟ್ಟಿಯ ಚೂರು ಸಾಕು.

ಗ್ಲಾಸು ಬುಡದಲ್ಲಿ ಅಗಲ, ಬಾಯಲ್ಲಿ ಕಿರಿದಾಗಿರಬೇಕು. ಈ ಆಕಾರದ ಗ್ಲೆನ್‌ಕೇರ್ನ್ ಎಂಬ ವಿಸ್ಕಿ ಗ್ಲಾಸು ಇಲ್ಲದಿದ್ದರೆ ಸಣ್ಣ ವೈನ್ ಗ್ಲಾಸು ನಡೆಯುತ್ತದೆ. 20 ಮಿ.ಲೀ. ಸುರಿದು, ತಟ್ಟೆ ಮುಚ್ಚಿ 10 ನಿಮಿಷ ಬಿಡಿ. ಗ್ಲಾಸನ್ನು ಗದ್ದದ ಹತ್ತಿರ ಹಿಡಿದು, ಬಾಯಿ ತುಸು ತೆರೆದು ಉಸಿರು ಎಳೆಯಿರಿ. ಮೊದಲ ಸಲ ಬರೀ ಹೊಗೆ ಬರುತ್ತದೆ, ಬರಲಿ. ಮುಖ ತಿರುಗಿಸಿ, ನಿಮ್ಮ ಅಂಗಿಯ ತೋಳನ್ನು ಒಮ್ಮೆ ಮೂಸಿ, ಅರ್ಧ ನಿಮಿಷ ಬಿಟ್ಟು ಮತ್ತೆ ಬನ್ನಿ. ಒಂದೇ ವಾಸನೆಗೆ ಮೂಗು ಬೇಗ ದಣಿಯುತ್ತದೆ. ಹೊಗೆಗೆ ಮೂಗು ಒಗ್ಗಿದ ಮೇಲೆ ಅದರ ಹಿಂದಿನ ದ್ರಾಕ್ಷಿ ಎದ್ದು ಕಾಣುತ್ತದೆ. ಮೂರನೆಯ ಸಲಕ್ಕೆ ಬಟ್ಟಲುಗಳನ್ನು ಮೂಸಿ, ಗ್ಲಾಸಿನೊಡನೆ ಹೋಲಿಸಿ.

ಮೊದಲ ಗುಟುಕು ಅರ್ಧ ಚಮಚದಷ್ಟಿರಲಿ. ಅದು ನಾಲಿಗೆಯನ್ನು ಸಜ್ಜು ಮಾಡಲು ಮಾತ್ರ, ಅದರಿಂದ ಏನನ್ನೂ ನಿರ್ಣಯಿಸಬೇಡಿ. ಎರಡನೆಯದನ್ನು ಹತ್ತು ಎಣಿಸುವವರೆಗೆ ಬಾಯಲ್ಲಿ ಆಡಿಸಿ ನುಂಗಿ, ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಡಿ. ಸಿಹಿ ನಾಲಿಗೆಯ ಮೇಲೆ ಬಂದು ಹೋಗುತ್ತದೆ, ಹೊಗೆ ಗಂಟಲಿನಿಂದ ಹಿಂದಿರುಗುತ್ತದೆ. ಚೆನ್ನಾಗಿ ಮುಗಿಸಿದ ಮಾಲ್ಟಿನಲ್ಲಿ ಇವೆರಡರ ನಡುವೆ ಬಿರುಕು ಇರುವುದಿಲ್ಲ.

ಇನ್ನು ನೀರು. ಬೋರ್‌ವೆಲ್ ನೀರು ಗಡಸಾಗಿದ್ದರೆ ಅದರ ಸುಣ್ಣದ ರುಚಿ ಗ್ಲಾಸಿಗೂ ಇಳಿಯುತ್ತದೆ. ಫಿಲ್ಟರ್ ನೀರು ಬಳಸಿ. 43 ಶೇಕಡಾ ಆಲ್ಕೋಹಾಲಿನ ವಿಸ್ಕಿಗೆ ನಾಲ್ಕೈದು ಹನಿ ಸಾಕು. 46 ಶೇಕಡಾದ 20 ಮಿ.ಲೀ.ಗೆ 3 ಮಿ.ಲೀ. ನೀರು ಹಾಕಿದರೆ 40ಕ್ಕೆ ಇಳಿಯುತ್ತದೆ. 55 ಶೇಕಡಾದ್ದಕ್ಕೆ 7.5 ಮಿ.ಲೀ. ಬೇಕು. ಸೂಜಿ ತೆಗೆದ ಹೊಸ ಸಿರಿಂಜಿನಲ್ಲಿ ಅಳೆದು, ಅರ್ಧ ಅರ್ಧ ಮಿ.ಲೀ. ಹಾಕುತ್ತ ಮೂಸಿ. ಹೊಗೆಯ ಘಮಕ್ಕೆ ಕಾರಣವಾದ ಗ್ವಾಯಕಾಲ್ ಎಂಬ ಅಣು ನೀರು ಬೆರೆತಾಗ ಮೇಲ್ಮೈಯತ್ತ ಸರಿಯುತ್ತದೆಂದು 2017ರಲ್ಲಿ ಸ್ವೀಡನ್ನಿನ ಲಿನೇಯಸ್ ವಿಶ್ವವಿದ್ಯಾಲಯದ ಸಂಶೋಧಕರು ಕಂಪ್ಯೂಟರ್ ಲೆಕ್ಕದಲ್ಲಿ ತೋರಿಸಿದರು. ನೀರು ಹಾಕುವುದು ಕುಡಿಯಲು ಬಾರದವರ ಲಕ್ಷಣ ಎಂಬ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡಿ. ನೀರು ಬಿದ್ದಾಗ ವಿಸ್ಕಿ ಮಬ್ಬಾದರೂ ಅದು ದೋಷವಲ್ಲ, ಶೋಧಿಸದೆ ಉಳಿಸಿದ ಕೊಬ್ಬಿನಂಶ.

ನಿಜವಾದ ದೋಷ ಗಂಧಕದ್ದು. ಶೆರಿ ಪೀಪಾಯಿ ಕೆಡದಿರಲೆಂದು ಒಳಗೆ ಗಂಧಕ ಉರಿಸುವುದುಂಟು, ಅದರ ಶೇಷ ವಿಸ್ಕಿಗೆ ಇಳಿಯಬಹುದು. ಗೀರಿದ ಕಡ್ಡಿಪೆಟ್ಟಿಗೆ, ರಬ್ಬರು, ಬೆಂದ ತತ್ತಿಯ ವಾಸನೆ ಬಂದರೆ ಅದು ಪೀಟ್ ಅಲ್ಲ. ಅರ್ಧ ತಾಸು ತೆರೆದಿಟ್ಟರೆ ಸ್ವಲ್ಪ ಹಾರಬಹುದು. ಹಾರದಿದ್ದರೆ ಆ ಪೀಪಾಯಿಯೇ ಹಾಗೆ.

ಎರಡು ಸಲ 20 ಮಿ.ಲೀ. ಆದ ಮೇಲೆ ನಿಲ್ಲಿಸಿ, ಆಚೆಗೆ ನಾಲಿಗೆ ಏನನ್ನೂ ಹೇಳುವುದಿಲ್ಲ. ಗಾಡಿ ಮುಟ್ಟಬೇಡಿ. ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿ, ಬಿಸಿಲು ಬೀಳುವ ಪಡುವಣ ಗೋಡೆಯಿಂದ ದೂರ ಇಡಿ. ಮೂರನೇ ಒಂದು ಭಾಗಕ್ಕಿಂತ ಕಡಿಮೆ ಉಳಿದರೆ ಸಣ್ಣ ಶೀಶೆಗೆ ತುಂಬಿ. ಖಾಲಿ ಜಾಗದ ಗಾಳಿಗೆ ಹೊಗೆ ಸಪ್ಪೆಯಾಗುತ್ತದೆ. ಖಾಲಿ ಗ್ಲಾಸನ್ನು ಮಾತ್ರ ಆ ರಾತ್ರಿ ತೊಳೆಯದೆ ತೆರೆದಿಡಿ. ಬೆಳಿಗ್ಗೆ ಸ್ಪಿರಿಟ್ಟೆಲ್ಲ ಹಾರಿ, ಬುಡದಲ್ಲಿ ಆರಿದ ಒಲೆಯ ಬೂದಿ ಮತ್ತು ಕಾಕವಿ ಬೇರೆಬೇರೆಯಾಗಿ ಮೂಗಿಗೆ ಸಿಗುತ್ತವೆ.