ಸೊರಗಿದ ಗಿಡಕ್ಕೆ ಮದ್ದು ಬಿಡುವ ಮೊದಲು ಕತ್ತಿ ಹಿಡಿಯಿರಿ

ಮಧ್ಯಾಹ್ನದ ಬಿಸಿಲಿಗೆ ಜೋತುಬಿದ್ದ ಬದನೆ ಬೆಳಿಗ್ಗೆ ನೆಟ್ಟಗಾದರೆ ನೀರು ಸಾಲದೆಂದು ತಿಳಿಯುವುದು ವಾಡಿಕೆ. ಆದರೆ ಸೊರಗು ರೋಗದ ಮೊದಲ ದಿನಗಳಲ್ಲೂ ಗಿಡ ರಾತ್ರಿ ಚೇತರಿಸಿಕೊಳ್ಳುತ್ತದೆ. ಹಾಗಾಗಿ ಬುಡದ ಮಣ್ಣು ಕೆದಕಿ ನೋಡಿ. ಮಣ್ಣಲ್ಲಿ ಪಸೆ ಇದ್ದೂ ಗಿಡ ಬಾಡುತ್ತಿದ್ದರೆ ಸಂಶಯಪಡಬೇಕು.

ಬುಡದಿಂದ ನಾಲ್ಕು ಬೆರಳು ಮೇಲೆ ಕಾಂಡವನ್ನು ಓರೆಯಾಗಿ ಕೊಯ್ಯಿರಿ. ಸಿಪ್ಪೆಯ ಒಳಗೆ ಕಂದು ಉಂಗುರ ಕಂಡರೆ ನೀರು ಏರುವ ನಾಳ ಕೆಟ್ಟಿದೆ. ಕೆಡಿಸಿದ್ದು ಶಿಲೀಂಧ್ರವೋ ಬ್ಯಾಕ್ಟೀರಿಯಾವೋ ತಿಳಿಯಲು ಎರಡು ಇಂಚಿನ ತುಂಡನ್ನು ಗಾಜಿನ ಲೋಟದ ತಿಳಿನೀರಿಗೆ ತೂಗಿಬಿಡಿ. ಕೆಲವೇ ನಿಮಿಷಗಳಲ್ಲಿ ಹಾಲಿನಂಥ ಎಳೆ ಇಳಿದರೆ ಬ್ಯಾಕ್ಟೀರಿಯಾ. ಶಿಲೀಂಧ್ರನಾಶಕಕ್ಕೆ ಹಾಕುವ ದುಡ್ಡು ದಂಡ. ನಮ್ಮ ಕಡೆಯ ಬದನೆ, ಟೊಮೆಟೊ, ಮೆಣಸಿನ ಗಿಡಗಳಲ್ಲಿ ಇದೇ ಹೆಚ್ಚು, ಎಲೆ ಹಸಿರಿರುವಾಗಲೇ ಗಿಡ ಕುಸಿಯುತ್ತದೆ. ಶಿಲೀಂಧ್ರದ್ದಾದರೆ ಕೆಳಗಿನ ಎಲೆಗಳು ಮೊದಲು ಹಳದಿಯಾಗುತ್ತವೆ, ಹಲವು ಸಲ ಒಂದೇ ಪಕ್ಕದಲ್ಲಿ.

ಬಾಳೆಯ ಪನಾಮ ಸೊರಗಿನಲ್ಲಿ ಹಳೆಯ ಎಲೆಯ ಅಂಚು ಹಳದಿಯಾಗಿ, ತೊಟ್ಟು ಮುರಿದು, ಎಲೆ ದಿಂಡಿಗೆ ಆತು ನೇತಾಡುತ್ತದೆ. ಬುಡ ಉದ್ದಕ್ಕೆ ಸೀಳುವುದೂ ಉಂಟು. ಗೆಡ್ಡೆ ಕಡಿದರೆ ಕೆಂಗಂದು ಚುಕ್ಕೆ, ಗೀರು. ರಸಬಾಳೆಗೆ ಇದು ಬೇಗ ತಗಲುತ್ತದೆ. ಮೈಸೂರು ಬಾಳೆ ತಡೆದುಕೊಳ್ಳುತ್ತದೆ. ರೋಗಾಣು ಮಣ್ಣಿನಲ್ಲಿ ಹತ್ತಾರು ವರ್ಷ ಉಳಿಯುವುದರಿಂದ ರೋಗ ಬಂದ ಹಿಂಡಿಲಿನ ಮರಿಗಿಡ (ಕಂದು) ನೆಡಬೇಡಿ, ನೆರೆಯವರಿಗೂ ಕೊಡಬೇಡಿ.

ಕಾಳುಮೆಣಸಿನಲ್ಲಿ ಎಡವುವವರೇ ಹೆಚ್ಚು, ಅಲ್ಲಿ ಸೊರಗು ಎರಡು ಬಗೆ. ಶೀಘ್ರ ಸೊರಗು ಮಳೆಗಾಲದ್ದು. ನೆಲದಲ್ಲಿ ಹಬ್ಬಿದ ಕುಡಿಗಳ ಎಲೆಯಲ್ಲಿ, ಅಂಚು ಎಳೆಎಳೆಯಾಗಿ ಹರಡಿದ ಕಪ್ಪು ಚುಕ್ಕೆ ಮೊದಲ ಗುರುತು. ಬುಡ ಕೊಳೆತರೆ ಎರಡು ಮೂರು ವಾರದಲ್ಲಿ ಬಳ್ಳಿ ಬರಿದು. ಕಾರಣವಾದ ಫೈಟೋಫ್ತೊರ ನಿಜಕ್ಕೆ ಶಿಲೀಂಧ್ರವಲ್ಲ, ನೀರುಬೂಷ್ಟಿನ ಜಾತಿ. ನೀರು ನಿಂತಲ್ಲೆಲ್ಲ ಅದು ಈಜಿಯೇ ಹೋಗುತ್ತದೆ; ನೀರು ಬಸಿಯುವ ಕಣಿ ಬಿಡಿಸದೆ ಬೋರ್ಡೋ (ಮೈಲುತುತ್ತು-ಸುಣ್ಣದ ದ್ರಾವಣ) ಬಿಟ್ಟು ಸುಖವಿಲ್ಲ. ಮಳೆ ಹಿಡಿಯುವ ಮೊದಲು 1% ಬೋರ್ಡೋ ಸಿಂಪಡಿಸಿ, ಲೀಟರ್ ನೀರಿಗೆ 2 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಎಂಬ ತಾಮ್ರದ ಮದ್ದು ಕಲಸಿ ಬಳ್ಳಿಯೊಂದಕ್ಕೆ 5ರಿಂದ 10 ಲೀಟರ್ ಬುಡಕ್ಕೆ ಹೊಯ್ಯಿರಿ.

ತುಲಾಮಳೆ (ಅಕ್ಟೋಬರ್-ನವೆಂಬರಿನ ಹಿಂಗಾರು) ಮುಗಿಯುತ್ತ ಹಳದಿಯಾಗಿ, ಮುಂದಿನ ಮಳೆಗೆ ಸ್ವಲ್ಪ ಚಿಗುರುವ ಬಳ್ಳಿಯದ್ದು ನಿಧಾನ ಸೊರಗು. ಬೇರು ಬಿಡಿಸಿ ನೋಡಿ. ಗಂಟುಗಳಿದ್ದರೆ ಬೇರಿನ ಜಂತುಹುಳದ (ನೆಮಟೋಡ್) ಕೆಲಸ, ಬೋರ್ಡೋ ಅದಕ್ಕೆ ನಾಟದು.

ರೋಗ ತೋರಿಸಲು ಕೃಷಿಭವನಕ್ಕೆ (ಊರಿನ ಕೃಷಿ ಇಲಾಖೆ ಕಚೇರಿ) ಒಯ್ಯುವುದಿದ್ದರೆ ಬಾಡಿದ ಎಲೆ ಮಾತ್ರ ಒಯ್ಯಬೇಡಿ, ಬೇರು ಮತ್ತು ಬುಡದ ತುಂಡು ಬೇಕು.

ಅಡಿಕೆಯ ಅಣಬೆ ರೋಗದಲ್ಲಿ ಹೊರಸುತ್ತಿನ ಸೋಗೆ ಮೊದಲು ಜೋಲುತ್ತದೆ, ಬುಡದಿಂದ ಕಂದು ರಸ ಸೋರುತ್ತದೆ. ಅಣಬೆ ಮೂಡುವ ಹೊತ್ತಿಗೆ ಆ ಮರ ಕೈತಪ್ಪಿರುತ್ತದೆ. ಉಳಿದವನ್ನು ಉಳಿಸಲು ಅದರ ಸುತ್ತ ಎರಡಡಿ ಆಳ, ಒಂದಡಿ ಅಗಲದ ಅಗಳು ತೆಗೆದು, ಮಣ್ಣನ್ನು ಒಳಬದಿಗೇ ಹಾಕಿ.