ಅಕ್ಕಲಕೋಟದ ಬಿಸಿಲಲ್ಲಿ ಸ್ಲ್ಯಾಬ್ ಮನೆ ತಂಪಾದದ್ದು ಹೀಗೆ

ಅಕ್ಕಲಕೋಟ ತಾಲೂಕಿನ ನಮ್ಮೂರಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಹಳೆಯ ಮಣ್ಣಿನ ಮಾಳಿಗೆ ತೆಗೆದು ಆರ್‌ಸಿಸಿ (ಕಬ್ಬಿಣದ ಸರಳು ಹಾಕಿದ ಕಾಂಕ್ರೀಟ್) ಸ್ಲ್ಯಾಬ್ ಹಾಕಿಸಿದ ಮೇಲೆ, ನಡುರಾತ್ರಿಯಾದರೂ ಒಳಗೆ ಮಲಗಲು ಆಗುತ್ತಿರಲಿಲ್ಲ. ಫ್ಯಾನ್ ಹಾಕಿದರೆ ಬಿಸಿಗಾಳಿಯೇ ಕೆಳಗಿಳಿಯುತ್ತಿತ್ತು.

ನಾವಿರುವುದು ಸುಮಾರು 17.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಎರಡನೇ ವಾರದ ಹೊತ್ತಿಗೆ ಮಧ್ಯಾಹ್ನದ ಸೂರ್ಯ ನೇರ ನೆತ್ತಿಗೇ ಬರುತ್ತಾನೆ. ಗೋಡೆಗಿಂತ ಚಾವಣಿಗೇ ಹೆಚ್ಚು ಪೆಟ್ಟು. ಹಗಲೆಲ್ಲ ಹೀರಿಕೊಂಡ ಶಾಖವನ್ನು ಸ್ಲ್ಯಾಬ್ ಸಂಜೆಯಿಂದ ಒಳಗೆ ಬಿಡುತ್ತದೆ.

ನಮ್ಮ ಗೌಂಡಿ (ಗಾರೆ ಕೆಲಸದ) ಕಾಕಾ ಹೇಳಿದಂತೆ ಸ್ಲ್ಯಾಬಿನ ಮೇಲ್ಭಾಗ ಗುಡಿಸಿ, ತೊಳೆದು, ಒದ್ದೆ ಇದ್ದಾಗಲೇ ಸುಣ್ಣ ಬಳಿದೆವು. ರಾತ್ರಿಯಿಡೀ ನೆನೆಸಿ, ಸೋಸಿ, ಸ್ವಲ್ಪ ಅಂಟು ಕಲಸಿದ ಸುಣ್ಣ. ತೆಳ್ಳಗೆ ಬಳಿಯಬೇಕು, ಒಂದು ಕೈ ಒಣಗಿದ ಮೇಲೆಯೇ ಇನ್ನೊಂದು. ದಪ್ಪ ಬಳಿದರೆ ಸಿಪ್ಪೆ ಏಳುತ್ತದೆ. ಬಿಳುಪು ಬಿಸಿಲಿನ ಬಹುಪಾಲನ್ನು ಹಿಂದಕ್ಕೆ ತಳ್ಳುತ್ತದೆ. ಇಷ್ಟು ಅಗ್ಗದ, ಇಷ್ಟು ಫಲ ಕೊಡುವ ಕೆಲಸ ಇನ್ನೊಂದಿಲ್ಲ ಎಂದೇ ನನ್ನ ನಂಬಿಕೆ.

ಪಡುವಣ ಗೋಡೆಗೆ ಸಜ್ಜಾ ಸಾಲದು, ಸಂಜೆಯ ಬಿಸಿಲು ಓರೆಯಾಗಿ ಬರುತ್ತದಲ್ಲ. ಅಲ್ಲಿ ಬಿದಿರಿನ ತಟ್ಟಿ ಕಟ್ಟಿದೆವು. ನಮ್ಮದು ಒಣ ಹವೆ, ರಾತ್ರಿ ಹೊರಗೆ ಬೇಗ ತಣಿಯುತ್ತದೆ. ಆಗ ಕಿಟಕಿ ತೆರೆದಿಟ್ಟು, ಬಿಸಿಲೇರುವ ಮೊದಲೇ ಮುಚ್ಚುತ್ತೇವೆ. ಈಗ ಅವ್ವ ಒಳಗೇ ಮಲಗುತ್ತಾಳೆ. ಮಳೆಗೆ ಸುಣ್ಣ ಸವೆಯುವುದರಿಂದ ಪ್ರತಿ ವರ್ಷ ಶಿವರಾತ್ರಿಯ ಆಸುಪಾಸು ಮತ್ತೆ ಬಳಿಯಬೇಕು.