ಲಾಯರ್ ಆಗದೆ ಲಾ ಸ್ಕೂಲಿಗೆ: ಅಮೆರಿಕಕ್ಕೆ ಬಂದ ಹೊಸಬರಿಗೆ

ಅಮೆರಿಕದ ಲಾ ಸ್ಕೂಲುಗಳು ಕಾನೂನು ಓದದವರಿಗೂ ಒಂದು ಮಾಸ್ಟರ್ಸ್ ಕೊಡುತ್ತವೆ. ಸರಕು ಒಂದೇ, ಹೆಸರು ಮಾತ್ರ ಹಲವು. ಅರಿಜೋನಾ ಸ್ಟೇಟ್, ಯುಸಿಎಲ್‌ಎಗಳಲ್ಲಿ ಎಂಎಲ್‌ಎಸ್, ನಾರ್ತ್‌ವೆಸ್ಟರ್ನ್, ಫೋರ್ಡಮ್‌ಗಳಲ್ಲಿ ಎಂಎಸ್‌ಎಲ್, ಎಮರಿಯಲ್ಲಿ ಜೂರಿಸ್ ಮಾಸ್ಟರ್, ಶಿಕಾಗೋದ ಲೊಯೋಲಾದಲ್ಲಿ ಎಂಜೆ. ಸಾಮಾನ್ಯವಾಗಿ 30 ಕ್ರೆಡಿಟ್ ಆಸುಪಾಸು, ಪೂರ್ಣಾವಧಿಯಾದರೆ ಒಂದು ವರ್ಷ. ಲಾ ಸ್ಕೂಲಿನ ಪ್ರವೇಶ ಪರೀಕ್ಷೆ ಎಲ್‌ಸ್ಯಾಟ್ ಬಹುತೇಕ ಕಡೆ ಕೇಳುವುದಿಲ್ಲ. ಎಚ್-4ನಲ್ಲಿ (ಎಚ್-1ಬಿ ಉದ್ಯೋಗ ವೀಸಾದವರ ಗಂಡ ಅಥವಾ ಹೆಂಡತಿಯ ವೀಸಾ) ಮನೆಯಲ್ಲಿ ಕೂತವರಿಗೂ ಐಟಿ ಕೆಲಸ ಸಾಕೆನಿಸಿದವರಿಗೂ ಇದು ಆಕರ್ಷಕವಾಗಿ ಕಾಣುವುದು ಸಹಜ.

ಆದರೆ ಈ ಪದವಿ ಹಿಡಿದು ವಕೀಲಿಕೆಯ ಪರವಾನಗಿಗೆ ಬೇಕಾದ ಬಾರ್ ಪರೀಕ್ಷೆಗೆ ಕೂರಲಾಗದು. ಲಾಯರ್ ಆಗಬೇಕಿದ್ದರೆ ಜೆಡಿ ಎಂಬ ವಕೀಲಿ ಪದವಿ ಓದಬೇಕು. ಮುಂದೆ ಜೆಡಿಗೆ ಸೇರಿದರೂ ಎಂಎಲ್‌ಎಸ್‌ನ ಕ್ರೆಡಿಟ್‌ಗಳು ಸಾಮಾನ್ಯವಾಗಿ ಅಲ್ಲಿಗೆ ಜಮೆಯಾಗುವುದಿಲ್ಲ. ಇದನ್ನು ಮೆಟ್ಟಿಲು ಅಂದುಕೊಂಡು ಹತ್ತಿದವರು ಮತ್ತೆ ಕೆಳಗಿಂದಲೇ ಶುರುಮಾಡಬೇಕಾಗುತ್ತದೆ. ಅಮೆರಿಕನ್ ಬಾರ್ ಅಸೋಸಿಯೇಷನ್ ಮಾನ್ಯತೆ ಕೊಡುವುದು ಜೆಡಿಗೆ ಮಾತ್ರ. ಜಾಹೀರಾತಿನಲ್ಲಿ ‘ಎಬಿಎ ಮಾನ್ಯತೆ’ ಎಂದು ಕಂಡರೆ ಅದು ಕಾಲೇಜಿನ ಜೆಡಿ ಬಗ್ಗೆ ಹೇಳಿದ ಮಾತು ಎಂದು ತಿಳಿಯಿರಿ.

ಊರಿನಲ್ಲಿ ಎಲ್‌ಎಲ್‌ಬಿ ಮುಗಿಸಿ ಬಂದವರು ಈ ಕಡೆ ತಲೆ ಹಾಕುವುದೇ ಬೇಡ. ನ್ಯೂಯಾರ್ಕ್ ಬಾರ್‌ಗೆ ನಿಮ್ಮ ಎಲ್‌ಎಲ್‌ಬಿಯನ್ನೇ ಮೊದಲು ಪರಿಶೀಲನೆಗೆ ಕಳಿಸಿ. ಕೊರತೆ ಇದೆ ಎಂದರೆ ನಿಯಮದ ಪ್ರಕಾರದ 24 ಕ್ರೆಡಿಟ್‌ಗಳ ಎಲ್‌ಎಲ್‌ಎಂ (ಕಾನೂನು ಪದವಿ ಇದ್ದವರು ಓದುವ ಮಾಸ್ಟರ್ಸ್) ಅದನ್ನು ತುಂಬಿಕೊಡಬಹುದು. ಭಾರತದಲ್ಲಿ ವಕೀಲರಾಗಿ ನೋಂದಾಯಿಸಿದವರಿಗೆ ಕ್ಯಾಲಿಫೋರ್ನಿಯಾದಲ್ಲಿ ಎಲ್‌ಎಲ್‌ಎಂ ಇಲ್ಲದೆಯೂ ಪರೀಕ್ಷೆಗೆ ಕೂರುವ ದಾರಿ ಇದೆ.

ಎಂಜಿನಿಯರುಗಳು ಮಾಡುವ ತಪ್ಪು ಬೇರೆ. ಪೇಟೆಂಟ್ ಕೆಲಸಕ್ಕೆ ಈ ಪದವಿ ಬೇಕೇ ಬೇಕು ಎಂದು ನಂಬಿರುತ್ತಾರೆ. ಪೇಟೆಂಟ್ ಏಜೆಂಟ್ ಆಗಲು ಬೇಕಾದದ್ದು ವಿಜ್ಞಾನ ಅಥವಾ ಎಂಜಿನಿಯರಿಂಗ್ ಪದವಿ ಮತ್ತು ಅಮೆರಿಕದ ಪೇಟೆಂಟ್ ಕಚೇರಿ ಯುಎಸ್‌ಪಿಟಿಒ ನಡೆಸುವ 100 ಪ್ರಶ್ನೆಗಳ ನೋಂದಣಿ ಪರೀಕ್ಷೆ. ಗ್ರೀನ್ ಕಾರ್ಡ್ ಇಲ್ಲದವರಿಗೆ, ವೀಸಾ ಆ ಕೆಲಸಕ್ಕೆ ಅನುಮತಿ ಕೊಡುವುದಾದರೆ, ‘ಸೀಮಿತ ಮಾನ್ಯತೆ’ ಸಿಗುತ್ತದೆ. ಡೇಟಾ ಪ್ರೈವಸಿ ಕಡೆ ಹೋಗುವವರೂ ಅಷ್ಟೇ. ಪ್ರೈವಸಿ ವೃತ್ತಿಪರರ ಸಂಸ್ಥೆ ಐಎಪಿಪಿ ನಡೆಸುವ ಸಿಐಪಿಪಿ ಪ್ರಮಾಣಪತ್ರದ ಪರೀಕ್ಷೆಗೆ ಪದವಿಯ ಫೀಸಿನ ಚೂರುಪಾರು ಸಾಕು. ಮೊದಲು ಅದನ್ನು ಬರೆದು ನೋಡಿ, ಕ್ಷೇತ್ರ ರುಚಿಸಿದರೆ ಆಮೇಲೆ ಪದವಿಯ ಮಾತು.

ಹಾಗಾದರೆ ಇದು ಯಾರಿಗೆ? ಆಸ್ಪತ್ರೆ, ಔಷಧ ಕಂಪನಿ, ಬ್ಯಾಂಕು, ಮಾನವ ಸಂಪನ್ಮೂಲ, ಕಾಂಟ್ರಾಕ್ಟ್ ನಿರ್ವಹಣೆ ಇಂಥ ಕಡೆ ಈಗಾಗಲೇ ಕೆಲಸದ ಅನುಭವ ಇದ್ದು, ದಿನಾ ಕಾನೂನಿನ ಕಾಗದಗಳ ಜೊತೆ ಗುದ್ದಾಡುವವರಿಗೆ. ಅನುಭವವೇ ಊಟ, ಈ ಪದವಿ ಉಪ್ಪಿನಕಾಯಿ. ಬರೀ ಉಪ್ಪಿನಕಾಯಿಯಲ್ಲಿ ಹೊಟ್ಟೆ ತುಂಬುವುದಿಲ್ಲ.

ವೀಸಾದ ಲೆಕ್ಕ ಅರ್ಜಿಗೂ ಮೊದಲೇ ಆಗಬೇಕು. ಎಚ್-4ನಲ್ಲಿ ಇರುವವರು ವೀಸಾ ಬದಲಿಸದೆ ಪೂರ್ಣಾವಧಿ ಓದಬಹುದು. ಎಚ್-1ಬಿಯವರು ಕೆಲಸ ಬಿಡದೆ ಓದಬಹುದು. ವಿದ್ಯಾರ್ಥಿ ವೀಸಾ ಎಫ್-1ಗೆ ಬರೀ ಆನ್‌ಲೈನ್ ಕೋರ್ಸು ನಡೆಯದು, ಒಂದು ಅವಧಿಯಲ್ಲಿ ಒಂದೇ ಆನ್‌ಲೈನ್ ತರಗತಿ ಲೆಕ್ಕಕ್ಕೆ ಬರುತ್ತದೆ. ಓಪಿಟಿ, ಅಂದರೆ ಓದಿದ ಮೇಲೆ ಸಿಗುವ ಕೆಲಸದ ಅನುಮತಿಯ ಆಸೆಯಿಂದ ಎಫ್-1 ಆರಿಸುವವರು ಎರಡು ವಿಷಯ ತಿಳಿದಿರಬೇಕು. ಕಾಲೇಜು ಕೊಡುವ ಐ-20 ಪತ್ರದಲ್ಲಿ ಓದಿನ ವಿಷಯ ಸೂಚಿಸುವ ಸಿಐಪಿ ಕೋಡ್ 22ರಿಂದ ಶುರುವಾದರೆ ಅದು ಕಾನೂನಿನ ವರ್ಗ, ವಿಜ್ಞಾನ, ತಂತ್ರಜ್ಞಾನ ಓದಿದವರಿಗೆ ಸಿಗುವ ಸ್ಟೆಮ್ ವಿಸ್ತರಣೆ ಇಲ್ಲ, 12 ತಿಂಗಳಿಗೆ ಮುಗಿಯಿತು. ಮತ್ತೆ, ಇಲ್ಲಿ ಒಂದು ಎಂಎಸ್ ಮಾಡಿ ಅದರ ಓಪಿಟಿ ಪೂರ್ತಿ ಬಳಸಿದ್ದರೆ ಅದೇ ಹಂತದ ಇನ್ನೊಂದು ಮಾಸ್ಟರ್ಸ್‌ಗೆ ಹೊಸ ಓಪಿಟಿ ಸಿಗುವುದಿಲ್ಲ. ಇದು ಗೊತ್ತಿಲ್ಲದೆ ಸೇರಿ ಪೇಚಿಗೆ ಸಿಕ್ಕುವವರು ಕಡಿಮೆಯೇನಿಲ್ಲ. ಇಬಿ-2 (ಉನ್ನತ ಪದವಿಯವರ ಗ್ರೀನ್ ಕಾರ್ಡ್ ವರ್ಗ) ಸಿಗಲಿ ಎಂದು ಓದುವವರೂ ಗಮನಿಸಿ: ಅದಕ್ಕಾಗಿ ಕಂಪನಿ ಹಾಕುವ ಪರ್ಮ್ ಅರ್ಜಿ ಸಲ್ಲಿಸಿದ ದಿನಕ್ಕೆ ಕೈಯಲ್ಲಿರುವ ಪದವಿಯಷ್ಟೇ ಲೆಕ್ಕ, ಆಮೇಲೆ ಬಂದದ್ದು ಆ ಅರ್ಜಿಗೆ ಒದಗದು.

ಇನ್ನು ಕಾಗದಪತ್ರ. ಕರ್ನಾಟಕದವರ ಅರ್ಜಿ ನಿಲ್ಲುವುದು ಹೆಚ್ಚಾಗಿ ಇಲ್ಲೇ, ಹಾಗಾಗಿ ಕನಿಷ್ಠ ನಾಲ್ಕು ತಿಂಗಳು ಮೊದಲೇ ಕೈ ಹಾಕಿ. ನಮ್ಮಲ್ಲಿರುವುದು ಸೆಮಿಸ್ಟರಿಗೊಂದರಂತೆ ಮಾರ್ಕ್ಸ್ ಕಾರ್ಡು. ಇಲ್ಲಿನವರು ಕೇಳುವ ಟ್ರಾನ್ಸ್‌ಕ್ರಿಪ್ಟ್ ಬೇರೆಯೇ ದಾಖಲೆ, ಅರ್ಜಿ ಹಾಕಿ ತರಿಸಬೇಕು. ಅದನ್ನು ಕೊಡಬೇಕಾದದ್ದು ವಿಶ್ವವಿದ್ಯಾಲಯ, ನೀವು ಓದಿದ ಕಾಲೇಜಲ್ಲ. 1998ರಲ್ಲಿ ವಿಟಿಯು ಶುರುವಾಗುವ ಮೊದಲು ಎಂಜಿನಿಯರಿಂಗ್ ಸೇರಿದವರ ಪದವಿ ಬೆಂಗಳೂರು, ಮೈಸೂರು, ಕುವೆಂಪು, ಹೀಗೆ ಯಾವುದೋ ವಿಶ್ವವಿದ್ಯಾಲಯದ್ದಾಗಿರಬಹುದು. ಕಾಲೇಜು ಈಗ ವಿಟಿಯು ಕೆಳಗಿದೆ ಎಂದು ಬೆಳಗಾವಿಗೆ ಬರೆದರೆ ಕಾಗದ ವಾಪಸ್ ಬರುತ್ತದೆ. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಮೂರು ಹೋಳಾಯಿತು. ಅದಕ್ಕೂ ಮುಂಚೆ ಪದವಿ ಪಡೆದವರು ಹಳೆಯ ವಿಶ್ವವಿದ್ಯಾಲಯವನ್ನೇ ಕೇಳಬೇಕು. ಪದವಿ ಪತ್ರದ ಮೇಲೆ ಯಾವ ಹೆಸರಿದೆಯೋ ಅದನ್ನೇ ಹಿಡಿಯಿರಿ.

ಪಿಡಿಸಿ, ಅಂದರೆ ತಾತ್ಕಾಲಿಕ ಪದವಿ ಪತ್ರ ತೆಗೆದುಕೊಂಡು ಘಟಿಕೋತ್ಸವದ ಪ್ರಮಾಣಪತ್ರ ಬಿಟ್ಟುಬಂದವರು ಅನೇಕರು. ಮೌಲ್ಯಮಾಪನಕ್ಕೆ ಅದೂ ಬೇಕಾಗುತ್ತದೆ. ಫೇಲಾಗಿ ಮತ್ತೆ ಕಟ್ಟಿದ ಪೇಪರುಗಳ ಮಾರ್ಕ್ಸ್ ಕಾರ್ಡನ್ನೂ ಸೇರಿಸಿ. ಮುಚ್ಚಿಟ್ಟರೆ ಲೆಕ್ಕ ತಾಳೆಯಾಗದೆ ಕಡತ ಅಲ್ಲೇ ಕೂರುತ್ತದೆ. ವಿದೇಶದ ಪದವಿಗಳ ಮೌಲ್ಯಮಾಪನ ಮಾಡುವ ಡಬ್ಲ್ಯುಇಎಸ್ ಸಂಸ್ಥೆಯಿಂದ ವರದಿ ತರಿಸುವಾಗ ‘ಕೋರ್ಸ್ ಬೈ ಕೋರ್ಸ್’ ಆರಿಸಿ. ಅಗ್ಗವೆಂದು ‘ಡಾಕ್ಯುಮೆಂಟ್ ಬೈ ಡಾಕ್ಯುಮೆಂಟ್’ ತರಿಸಿದರೆ ಅದರಲ್ಲಿ ಜಿಪಿಎ ಇರುವುದಿಲ್ಲ, ಎರಡನೇ ಸಲ ದುಡ್ಡು ಕಟ್ಟಬೇಕಾಗುತ್ತದೆ. ಮೂರು ವರ್ಷದ ಬಿಕಾಂ, ಬಿಎಸ್ಸಿ, ಬಿಎ ಮಾಡಿದವರು ಅರ್ಜಿ ಶುಲ್ಕ ಕಟ್ಟುವ ಮೊದಲೇ ಮೂರು ವರ್ಷದ ಪದವಿ ಒಪ್ಪುತ್ತೀರಾ ಎಂದು ಅಡ್ಮಿಷನ್ ಕಚೇರಿಗೆ ಮೇಲ್ ಬರೆದು ಉತ್ತರವನ್ನು ಲಿಖಿತವಾಗಿ ಪಡೆಯಿರಿ. ಕೆಲವರು ಒಪ್ಪುತ್ತಾರೆ, ಕೆಲವರು ನಾಲ್ಕು ವರ್ಷಕ್ಕೆ ಸಮ ಎಂಬ ವರದಿ ಕೇಳುತ್ತಾರೆ. ಮೇಲೆ ಎಂಕಾಂ, ಎಂಎ ಇದ್ದರೆ ಅದನ್ನೂ ಸೇರಿಸಿ, ಹಾದಿ ಸಲೀಸಾಗುತ್ತದೆ.

ಹೆಸರಿನ ಗೋಜಲು ಇನ್ನೂ ದೊಡ್ಡದು. ಎಸ್ಸೆಸ್ಸೆಲ್ಸಿಯಲ್ಲಿ ‘ಕಾವ್ಯ ಎಚ್. ಎಸ್.’, ಪಾಸ್‌ಪೋರ್ಟಿನಲ್ಲಿ ಊರು ಮತ್ತು ತಂದೆಯ ಹೆಸರು ಬಿಡಿಸಿ ಬರೆದದ್ದು, ಮದುವೆಯಾದ ಮೇಲೆ ಗಂಡನ ಹೆಸರು. ಪಾಸ್‌ಪೋರ್ಟಿನ ಸರ್‌ನೇಮ್ ಜಾಗ ಖಾಲಿ ಇದ್ದರಂತೂ ವೀಸಾದಲ್ಲಿ ಇಡೀ ಹೆಸರು ಸರ್‌ನೇಮ್ ಆಗಿ ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ (ಮೊದಲ ಹೆಸರು ಗೊತ್ತಿಲ್ಲ) ಎಂದು ಬಂದು ಕೂರುತ್ತದೆ. ಅರ್ಜಿ, ಡಬ್ಲ್ಯುಇಎಸ್, ಇಂಗ್ಲಿಷ್ ಪರೀಕ್ಷೆ ಮೂರಕ್ಕೂ ಪಾಸ್‌ಪೋರ್ಟಿನಲ್ಲಿರುವ ಹಾಗೆಯೇ ಹೆಸರು ಕೊಡಿ. ‘ಹಿಂದಿನ ಹೆಸರು’ ಎಂಬ ಕಡೆ ಮಾರ್ಕ್ಸ್ ಕಾರ್ಡಿನದನ್ನು ಬರೆಯಿರಿ. ಎರಡೂ ಒಬ್ಬರದೇ ಎಂಬ ನೋಟರಿ ಅಫಿಡವಿಟ್ ಸಿದ್ಧವಿರಲಿ. ಟೋಫೆಲ್ ಅಂಕಕ್ಕೆ ಎರಡೇ ವರ್ಷ ಆಯಸ್ಸು. ಬೋಧನಾ ಮಾಧ್ಯಮ ಇಂಗ್ಲಿಷ್ ಎಂಬ ಪತ್ರ ತರಿಸಿದರೆ ಪರೀಕ್ಷೆಯಿಂದಲೇ ವಿನಾಯಿತಿ ಕೊಡುವ ಕಾಲೇಜುಗಳಿವೆ, ಮೊದಲು ಅದನ್ನು ಕೇಳಿ.

ಉದ್ದೇಶದ ಪತ್ರ, ಅಂದರೆ ಸ್ಟೇಟ್‌ಮೆಂಟ್ ಆಫ್ ಪರ್ಪಸ್, ಎರಡು ಪುಟ ಸಾಕು. ಬಾಲ್ಯದಿಂದಲೂ ನ್ಯಾಯದ ಬಗ್ಗೆ ತುಡಿತ, ಅಂಬೇಡ್ಕರರ ಉಕ್ತಿ, ತಾತ ಪಂಚಾಯ್ತಿ ಮಾಡುತ್ತಿದ್ದರು ಎಂಬುದೆಲ್ಲ ಬೇಡ. ಓದುವವರು ಹುಡುಕುವುದು ಒಂದೇ ಪ್ರಶ್ನೆಗೆ ಉತ್ತರ: ಇವರು ಜೆಡಿಗೆ ಹೋಗದೆ ಇಲ್ಲಿಗೇಕೆ ಬಂದರು? ನಿಮ್ಮ ಕೆಲಸದ ಒಂದು ಕಾಗದದಿಂದ ಶುರುಮಾಡಿ. ಔಷಧ ಕಂಪನಿಯ ಸಾಫ್ಟ್‌ವೇರ್ ಪರೀಕ್ಷಿಸುವವರಾದರೆ, ಎಲೆಕ್ಟ್ರಾನಿಕ್ ದಾಖಲೆ ಮತ್ತು ಸಹಿಯ ಕುರಿತ ಎಫ್‌ಡಿಎ ನಿಯಮ ‘ಪಾರ್ಟ್ 11’ ನಿಮ್ಮ ಕೆಲಸವನ್ನು ಎಲ್ಲಿ ತಡೆಯಿತು, ಲೀಗಲ್ ವಿಭಾಗವನ್ನು ಏನು ಕೇಳಬೇಕೆಂದೇ ಎಲ್ಲಿ ತಿಳಿಯಲಿಲ್ಲ ಎಂದು ಬರೆಯಿರಿ. ಆಮೇಲೆ ಆ ಕಾಲೇಜಿನ ಯಾವ ಎರಡು ಕೋರ್ಸು ಅದಕ್ಕೆ ಒದಗುತ್ತದೆ ಎಂದು ಹೆಸರಿಸಿ. ಕಾಲೇಜಿನ ಹೆಸರು ಮಾತ್ರ ಬದಲಿಸಿ ಐದು ಕಡೆ ಕಳಿಸುವ ಪತ್ರ ಮೊದಲ ಪ್ಯಾರಾದಲ್ಲೇ ಸಿಕ್ಕಿಬೀಳುತ್ತದೆ.

ರೆಸ್ಯೂಮೆಯಿಂದ ಫೋಟೊ, ಹುಟ್ಟಿದ ದಿನಾಂಕ, ಮದುವೆಯ ವಿವರ, ತಂದೆಯ ಹೆಸರು ತೆಗೆಯಿರಿ. ಶೇಕಡಾವನ್ನು ನೀವೇ ಜಿಪಿಎಗೆ ಇಳಿಸಬೇಡಿ, ಮೂಲದಲ್ಲಿದ್ದ ಹಾಗೆ ಬರೆಯಿರಿ. ಶಿಫಾರಸು ಪತ್ರ ಮ್ಯಾನೇಜರರಿಂದ ಬಂದರೆ ಒಳ್ಳೆಯದು. ಪೋರ್ಟಲ್ ಅವರಿಗೇ ಕೊಂಡಿ ಕಳಿಸುತ್ತದೆ, ಆಫೀಸಿನ ಮೇಲ್ ವಿಳಾಸವನ್ನೇ ಕೊಡಿ. ಹಳೆಯ ಪ್ರಿನ್ಸಿಪಾಲರ ಲೆಟರ್‌ಹೆಡ್ ಮೇಲಿನ ‘ಟು ಹೂಮ್‌ಸೋಎವರ್’ ಪತ್ರಕ್ಕೆ ಇಲ್ಲಿ ಬೆಲೆಯಿಲ್ಲ.

ಖರ್ಚನ್ನು ಕ್ರೆಡಿಟ್ ದರದಿಂದ ಗುಣಿಸಿ ನೋಡಿ. ಕ್ರೆಡಿಟ್‌ಗೆ 1,500 ಡಾಲರ್ ಎಂದರೆ 30ಕ್ಕೆ 45,000 ಡಾಲರ್. ಎಚ್-1ಬಿ, ಎಚ್-4ನವರಿಗೆ ಫೆಡರಲ್ ಸಾಲವಿಲ್ಲ. ಕಂಪನಿ ಕೊಡುವ ಶಿಕ್ಷಣ ನೆರವಿನಲ್ಲಿ ವರ್ಷಕ್ಕೆ 5,250 ಡಾಲರ್ ತನಕ ತೆರಿಗೆ ಇಲ್ಲ. ಜನವರಿಯಿಂದ ಡಿಸೆಂಬರ್ ಲೆಕ್ಕವಾದ್ದರಿಂದ ಓದನ್ನು ಮೂರು ಕ್ಯಾಲೆಂಡರ್ ವರ್ಷಕ್ಕೆ ಹರಡಿದರೆ ಮೂರು ಸಲ ಸಿಗುತ್ತದೆ. 2,000 ಡಾಲರಿನ ಲೈಫ್‌ಟೈಮ್ ಲರ್ನಿಂಗ್ ಕ್ರೆಡಿಟ್ ಎಂಬ ತೆರಿಗೆ ರಿಯಾಯಿತಿ ಜಂಟಿ ಆದಾಯ 1,80,000 ಡಾಲರ್ ಮುಟ್ಟಿದರೆ ಪೂರ್ತಿ ಕೈತಪ್ಪುತ್ತದೆ. ಗಂಡ ಹೆಂಡತಿ ಇಬ್ಬರೂ ಐಟಿಯಲ್ಲಿರುವ ಮನೆಗಳು ಇದನ್ನು ನೆಚ್ಚಬಾರದು.

ಸಮಯದ ಲೆಕ್ಕ: ಒಂದು ಗಂಟೆ ಪಾಠಕ್ಕೆ ಎರಡು ಗಂಟೆ ಓದು. ಮೂರು ಕ್ರೆಡಿಟ್‌ನ ಎರಡು ಕೋರ್ಸು ಎಂದರೆ ವಾರಕ್ಕೆ 18 ಗಂಟೆ. ಕೈಕೂಸು ಇರುವವರು, ಪ್ರಾಜೆಕ್ಟ್ ರಿಲೀಸ್ ಹತ್ತಿರವಿರುವವರು ಮೊದಲ ಅವಧಿಗೆ ಒಂದೇ ಕೋರ್ಸು ತೆಗೆದುಕೊಳ್ಳಿ.

ಪದವಿ ಬಂದಮೇಲೆ ಕನ್ನಡ ಕೂಟದಲ್ಲಿ ಯಾರಾದರೂ ಬಂದು ತಮ್ಮ ಇಮಿಗ್ರೇಷನ್ ಫಾರಂ ತುಂಬಿಕೊಡಿ ಎಂದಾರು. ಅವರು ಹೇಳಿದ್ದನ್ನು ಹೇಳಿದಂತೆ ಬರೆದುಕೊಡಬಹುದು. ಯಾವ ಫಾರಂ ಹಾಕಬೇಕು, ಯಾವ ಪ್ರಶ್ನೆಗೆ ಏನು ಉತ್ತರಿಸಬೇಕು ಎಂದು ಹೇಳಿದ ಕೂಡಲೇ ಅದು ವಕೀಲಿಕೆ. ದುಡ್ಡು ತೆಗೆದುಕೊಳ್ಳದಿದ್ದರೂ ತಪ್ಪೇ. ಆ ಸೇವೆ ಮಾಡುವ ಆಸೆಯಿದ್ದರೆ ನ್ಯಾಯ ಇಲಾಖೆಯ ಮಾನ್ಯತೆ ಪಡೆದ ಲಾಭರಹಿತ ಸಂಸ್ಥೆಯ ಮೂಲಕ ‘ಅಕ್ರೆಡಿಟೆಡ್ ರೆಪ್ರೆಸೆಂಟೇಟಿವ್’ ಆಗಿ, ಅದಕ್ಕೆ ಕಾನೂನಿನ ಪದವಿಯೇ ಬೇಕಿಲ್ಲ.